ಊಹೆ ಬಿತ್ತು, ದಾಖಲೆ ಉಳಿಯಿತು

1968ರಲ್ಲಿ ಮುಂಬಯಿಯ ಪಾಪ್ಯುಲರ್ ಪ್ರಕಾಶನ ‘ಪ್ಯಾಂಕ್ರಿಯಾಟಿಕ್ ಡಯಾಬಿಟಿಸ್’ ಎಂಬ ಪುಸ್ತಕ ಹೊರತಂದಿತು. ಬರೆದವರು ಕೇರಳದ ವೈದ್ಯ ಪಿ. ಜೆ. ಗೀವರ್ಗೀಸ್. ಪ್ರಕಟಿಸಿದ್ದು ಉತ್ತರ ಕನ್ನಡದ ಊರೊಂದನ್ನು ಅಡ್ಡಹೆಸರಲ್ಲಿ ಉಳಿಸಿಕೊಂಡ ಭಟ್ಕಳ ಮನೆತನದ ಸಂಸ್ಥೆ. ಹದಿನೇಳು ವರ್ಷಗಳ ನಂತರ, 1985ರಲ್ಲಿ, ಅದೇ ಕಾಯಿಲೆಯ ಬಗ್ಗೆ ಅವರ ಇನ್ನೊಂದು ಪುಸ್ತಕ ಬಂತು. ಅದೂ ಅಚ್ಚಾಗಿದ್ದು ಮುಂಬಯಿಯಲ್ಲೇ. ಒಂದೇ ಕಾಯಿಲೆಯ ಬೆನ್ನು ಹತ್ತಿ ಇಷ್ಟು ಕಾಲ ಕಳೆದ ವೈದ್ಯನ ಹೆಸರು ಇವತ್ತು ತಜ್ಞರ ವಲಯದ ಆಚೆ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ರೋಗಿಯನ್ನೂ ನೋಡುತ್ತ ವಿಜ್ಞಾನವನ್ನೂ ಮಾಡುವುದು ಹೇಗೆ ಎಂಬುದಕ್ಕೆ ಆ ವೃತ್ತಿಜೀವನಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಹೊಟ್ಟೆಯ ಹಿಂಭಾಗದಲ್ಲಿ ಅಡಗಿರುವ ಮೇದೋಜ್ಜೀರಕ ಗ್ರಂಥಿಗೆ ಎರಡು ಕೆಲಸ. ತಿಂದದ್ದನ್ನು ಜೀರ್ಣಿಸುವ ರಸವನ್ನು ಕರುಳಿಗೆ ಸುರಿಸಬೇಕು, ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ನನ್ನು ರಕ್ತಕ್ಕೆ ಬಿಡಬೇಕು. ಗೀವರ್ಗೀಸ್ ಕಂಡ ರೋಗಿಗಳಲ್ಲಿ ಈ ಗ್ರಂಥಿಯೊಳಗೆ ಸುಣ್ಣದ ಕಲ್ಲುಗಳು ಕಟ್ಟಿಕೊಂಡಿದ್ದವು. ಅವರು ಕುಡುಕರಲ್ಲ. ಹೆಚ್ಚಿನವರು ಬಡವರು, ಬಡಕಲು ದೇಹದವರು, ಚಿಕ್ಕ ವಯಸ್ಸಿನವರು. ಬಾಲ್ಯದಲ್ಲಿ ಮತ್ತೆ ಮತ್ತೆ ಹೊಟ್ಟೆನೋವು, ಹರೆಯದ ಹೊತ್ತಿಗೆ ಸಕ್ಕರೆ ಕಾಯಿಲೆ, ಬಾಳಿ ಬದುಕಬೇಕಾದ ವಯಸ್ಸಿನಲ್ಲಿ ಸಾವು: ಕಾಯಿಲೆಯ ಇಡೀ ಕಥೆಯನ್ನು ಅವರು ಕಟ್ಟಿಕೊಟ್ಟದ್ದು ಹೀಗೆ. ಸಕ್ಕರೆ ವಿಪರೀತ ಏರಿದರೂ, ಟೈಪ್ 1 ರೋಗಿಗಳಂತೆ ಇವರ ರಕ್ತ ಸುಲಭವಾಗಿ ಆಮ್ಲೀಯವಾಗಿ ಪ್ರಜ್ಞೆ ತಪ್ಪುತ್ತಿರಲಿಲ್ಲ. ಇಂಥ ರೋಗಿ ಪಾಶ್ಚಾತ್ಯ ಪಠ್ಯಪುಸ್ತಕದ ಯಾವ ಖಾನೆಯಲ್ಲೂ ಸರಿಯಾಗಿ ಕೂರುತ್ತಿರಲಿಲ್ಲ. ಕಲ್ಲು ಕಾಣಲು ಬೇಕಾಗಿದ್ದದ್ದು ಹೊಟ್ಟೆಯ ಒಂದು ಸಾಧಾರಣ ಎಕ್ಸ್‌ರೇ ಮತ್ತು ಅದನ್ನು ತೆಗೆಸಬೇಕು ಎಂದು ಹೊಳೆಯುವ ವೈದ್ಯ.

ಈ ಪುಸ್ತಕ ಮುಂಬಯಿಯಲ್ಲಿ ಬಂದದ್ದು ಆಕಸ್ಮಿಕವಲ್ಲ. ದೇಶದ ವೈದ್ಯರು ತಮ್ಮ ಅನುಭವ ಬರೆದು ಕಳಿಸುತ್ತಿದ್ದ ಭಾರತೀಯ ವೈದ್ಯರ ಸಂಘದ ಪತ್ರಿಕೆ ಹೊರಡುತ್ತಿದ್ದದ್ದು ಇಲ್ಲಿಂದ. 1966ರಲ್ಲಿ ಉಷ್ಣವಲಯದ ಮಧುಮೇಹದ ಬಗ್ಗೆ ಜಾಗತಿಕ ಸಮ್ಮೇಳನ ನಡೆದದ್ದೂ ಇಲ್ಲೇ. ಅದರ ಪ್ರಬಂಧಗಳನ್ನು ಜೆ. ಸಿ. ಪಟೇಲ್ ಮತ್ತು ಎನ್. ಜಿ. ತಲವಲಕರ್ ಸಂಪಾದಿಸಿದರು. ನಮ್ಮ ರೋಗಿಗಳ ದೇಹ ಬೇರೆ ಏನನ್ನೋ ಹೇಳುತ್ತಿದೆ, ಅದನ್ನು ನಾವೇ ಬರೆದಿಡಬೇಕು ಎಂಬ ಹುರುಪು ಆಗ ಈ ನಗರದಲ್ಲಿತ್ತು.

ಕಾಯಿಲೆಯ ಕಾರಣದ ಬಗ್ಗೆ ಗೀವರ್ಗೀಸ್‌ಗೆ ಒಂದು ಊಹೆಯಿತ್ತು. ಕೇರಳದ ಬಡವರ ಹೊಟ್ಟೆ ತುಂಬಿಸುತ್ತಿದ್ದದ್ದು ಮರಗೆಣಸು. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಪ್ರೋಟೀನ್ ಕೊರತೆಯಿರುವ ದೇಹಕ್ಕೆ ಆ ವಿಷವನ್ನು ಕಳೆದುಕೊಳ್ಳುವುದು ಕಷ್ಟ. 1979ರಲ್ಲಿ ಡಿ. ಇ. ಮೆಕ್‌ಮಿಲನ್ ಜೊತೆ ಅವರು ಈ ವಾದ ಮಂಡಿಸಿದರು. ಕೇಳಲು ಸೊಗಸಾದ ವಾದ. ಆದರೆ ಮರಗೆಣಸು ತಿನ್ನದ ಪ್ರದೇಶಗಳಲ್ಲೂ ಇದೇ ಕಾಯಿಲೆ ಕಂಡಿತು. 2002ರಲ್ಲಿ ಹೈದರಾಬಾದಿನ ಸಂಶೋಧಕರೂ ಸೇರಿದಂತೆ ಹಲವು ತಂಡಗಳು ಎಸ್‌ಪಿಐಎನ್‌ಕೆ1 ಎಂಬ ಜೀನಿನ ಮಾರ್ಪಾಡಿಗೂ ಈ ಕಾಯಿಲೆಗೂ ನಂಟಿರುವುದನ್ನು ತೋರಿಸಿದವು. ಮರಗೆಣಸಿನ ವಾದ ಹಿಂದೆ ಸರಿಯಿತು.

ಹಾಗಾದರೆ ಆ ವೃತ್ತಿಜೀವನ ಸೋತಿತೇ? ಇಲ್ಲ. ಮುಂದೆ ಬಂದ ಜೀನು ಸಂಶೋಧಕರು ಯಾರ ರಕ್ತ ಪರೀಕ್ಷಿಸಬೇಕು ಎಂದು ತಿಳಿದದ್ದೇ ಗೀವರ್ಗೀಸರಂಥವರು ರೋಗಿಯನ್ನು ಗುರುತಿಸುವ ಲಕ್ಷಣಗಳನ್ನು ಕರಾರುವಾಕ್ಕಾಗಿ ಬರೆದಿಟ್ಟಿದ್ದರಿಂದ. ಊಹೆ ಬಿತ್ತು, ದಾಖಲೆ ಉಳಿಯಿತು. ಈಗಿನ ವ್ಯವಸ್ಥೆ ಬೆಲೆ ಕಟ್ಟುವುದು ಮಾತ್ರ ತಿರುಗುಮುರುಗಾಗಿ: ಹೊಸ ಊಹೆಗೆ ಚಪ್ಪಾಳೆ, ಹಳೆಯ ಕಡತಕ್ಕೆ ಧೂಳು.

ಕಡತ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೆಸರಿನ ಕಥೆಯನ್ನೇ ನೋಡಬಹುದು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಅಪೌಷ್ಟಿಕತೆಗೆ ಸಂಬಂಧಿಸಿದ ಮಧುಮೇಹ’ ಎಂಬ ಪ್ರತ್ಯೇಕ ವರ್ಗ ಮಾಡಿತು. ಅದಕ್ಕೆ ಎರಡು ಕವಲು: ಕಲ್ಲು ಕಟ್ಟಿದ ಗ್ರಂಥಿಯವರದು ಒಂದು, ಕಲ್ಲಿಲ್ಲದ ಬಡಕಲು ರೋಗಿಗಳದು ಇನ್ನೊಂದು. 1999ರಲ್ಲಿ ಆ ವರ್ಗವನ್ನೇ ತೆಗೆದುಹಾಕಲಾಯಿತು. ಕಲ್ಲಿನವರು ಮೇದೋಜ್ಜೀರಕದ ಕಾಯಿಲೆಗಳ ಪಟ್ಟಿಗೆ ಹೋದರು. ಉಳಿದವರಿಗೆ, ಪ್ರೋಟೀನ್ ಕೊರತೆಯೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂಬ ಕಾರಣಕ್ಕೆ, ಹೆಸರೇ ಇಲ್ಲವಾಯಿತು. ರೋಗಿಗಳು ಮಾತ್ರ ಆಸ್ಪತ್ರೆಗೆ ಬರುತ್ತಲೇ ಇದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮತ್ತು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಅಧ್ಯಯನ, ಇವರ ತೊಂದರೆ ಟೈಪ್ 1, ಟೈಪ್ 2 ಎರಡಕ್ಕಿಂತಲೂ ಭಿನ್ನ ಎಂದಿತು. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದಕ್ಕೆ ‘ಟೈಪ್ 5’ ಎಂದು ಹೆಸರಿಟ್ಟಿತು. ತಜ್ಞರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಹೆಸರಿಲ್ಲದ ಕಾಯಿಲೆಗೆ ಫಾರಂನಲ್ಲಿ ಖಾನೆ ಇರುವುದಿಲ್ಲ, ಖಾನೆ ಇಲ್ಲದ್ದನ್ನು ಯಾರೂ ಎಣಿಸುವುದಿಲ್ಲ, ಎಣಿಸದ್ದಕ್ಕೆ ಪುರಾವೆ ಹುಟ್ಟುವುದಿಲ್ಲ.

ಇದು ಬರೀ ಪಂಡಿತರ ಜಗಳವಲ್ಲ. ಕಲ್ಲಿನ ರೋಗಿಗೆ ಟೈಪ್ 1 ಎಂದು ಚೀಟಿ ಅಂಟಿಸಿದರೆ ಇನ್ಸುಲಿನ್ ಸಿಗುತ್ತದೆ. ಆದರೆ ಜೀರ್ಣರಸದ ಕೊರತೆಗೆ ಊಟದ ಜೊತೆ ನುಂಗಬೇಕಾದ ಕಿಣ್ವದ ಗುಳಿಗೆ ಸಿಗುವುದಿಲ್ಲ. ತಿಂದ ಜಿಡ್ಡು ಮೈಗೆ ಹತ್ತದೆ ಹೊರಹೋಗುತ್ತದೆ. ಇಂಥವರಿಗೆ ಮೇದೋಜ್ಜೀರಕದ ಕ್ಯಾನ್ಸರಿನ ಅಪಾಯ ಇತರರಿಗಿಂತ ಬಹಳ ಹೆಚ್ಚು. ಆ ಎಚ್ಚರವೂ ತಪ್ಪುತ್ತದೆ. ಇನ್ನು ಎರಡು ಹೊತ್ತಿನ ಊಟದ ಖಾತರಿ ಇಲ್ಲದವನಿಗೆ ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು.

ಮುಂಬಯಿಯ ಪಾಲಿಕೆ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಕೊಂಕಣದಿಂದ, ಉತ್ತರ ಪ್ರದೇಶ ಬಿಹಾರಗಳಿಂದ, ನಮ್ಮ ಬೀದರ್ ಕಲಬುರಗಿಗಳಿಂದ ದುಡಿಯಲು ಬಂದವರೆಲ್ಲ ಬರುತ್ತಾರೆ. ಇಷ್ಟು ಬಗೆಯ ದೇಹಗಳು, ಇಷ್ಟು ಬಗೆಯ ಹಸಿವುಗಳು ಒಂದೇ ಸೂರಿನಡಿ ಸಿಗುವ ಜಾಗ ದೇಶದಲ್ಲಿ ಕಡಿಮೆ. ಆದರೆ ರೋಗಿಯ ಕೈಗೆ ಕೊಟ್ಟ ಕೇಸ್‌ಪೇಪರ್ ಮಳೆಗಾಲದಲ್ಲಿ ನೆನೆದರೆ, ಅವನು ಊರಿಗೆ ಹೋಗಿ ಬೇರೆ ಆಸ್ಪತ್ರೆ ಹಿಡಿದರೆ, ಕಥೆ ಮತ್ತೆ ಮೊದಲಿನಿಂದ.

ಇಷ್ಟು ನೂಕುನುಗ್ಗಲಿನಲ್ಲಿ ದಾಖಲೆ, ಸಂಶೋಧನೆ ಎಲ್ಲಿ ಸಾಧ್ಯ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇದೇ ಮುಂಬಯಿಯ ಕೊಳೆಗೇರಿಗಳಲ್ಲಿ ಮಕ್ಕಳ ವೈದ್ಯ ರಮೇಶ್ ಪೋತದಾರ್ ಅವರ ತಂಡ 2006ರಿಂದ ವರ್ಷಗಟ್ಟಲೆ 6,500 ಮಹಿಳೆಯರನ್ನು ಹಿಂಬಾಲಿಸಿತು. ಗರ್ಭಕ್ಕೆ ಮುಂಚಿನಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿದ ತಿಂಡಿ ತಿಂದವರಲ್ಲಿ ಗರ್ಭಿಣಿಯರ ಮಧುಮೇಹ ಶೇ. 7.3 ಇತ್ತು, ಬೇರೆ ತಿಂಡಿ ಪಡೆದವರಲ್ಲಿ ಶೇ. 12.4. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ನವಜಾತ ಶಿಶುಗಳ ತೂಕ, ಉದ್ದ ಬರೆದಿಟ್ಟವರಿಗೆ ತಾವು ವಿಜ್ಞಾನ ಮಾಡುತ್ತಿದ್ದೇವೆ ಎಂದು ಅನ್ನಿಸಿರಲಿಕ್ಕಿಲ್ಲ. ಅರ್ಧ ಶತಮಾನ ದಾಟಿದ ಮೇಲೆ ಅದೇ ಪುಸ್ತಕಗಳು, ಹುಟ್ಟಿದಾಗಿನ ದೇಹಕ್ಕೂ ನಡುವಯಸ್ಸಿನ ಮಧುಮೇಹಕ್ಕೂ ಇರುವ ಸಂಬಂಧ ನಮ್ಮಲ್ಲಿ ಯೂರೋಪಿನಂತಿಲ್ಲ ಎಂದು ತೋರಿಸಿದವು.

ಆದ್ದರಿಂದ ಕೇಳಬೇಕಾದದ್ದು ದೊಡ್ಡ ಪ್ರಯೋಗಾಲಯವನ್ನಲ್ಲ. ವೈದ್ಯಕೀಯ ಕಾಲೇಜಿನ ಅಧ್ಯಾಪಕರ ಬಡ್ತಿಗೆ ಪ್ರಬಂಧಗಳ ಲೆಕ್ಕ ಹಿಡಿಯುವ ನಿಯಮ, ಹತ್ತು ವರ್ಷ ಕಾಪಾಡಿದ ರೋಗಿಗಳ ದಾಖಲೆಗೂ ಅಂಕ ಕೊಡಲಿ. ಹೊರರೋಗಿ ವಿಭಾಗದ ವೈದ್ಯರಿಗೆ ವಾರದಲ್ಲಿ ಅರ್ಧ ದಿನ ಕಡತಕ್ಕೆಂದೇ ಬಿಟ್ಟುಕೊಡಲಿ. ಚಿಕ್ಕ ವಯಸ್ಸಿನಲ್ಲಿ ಮಧುಮೇಹ ಬಂದವರಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2006ರಲ್ಲೇ ಆರಂಭಿಸಿದ ನೋಂದಣಿ ಜಿಲ್ಲಾಸ್ಪತ್ರೆಗಳಿಗೂ ತಲುಪಲಿ. ಹೊಟ್ಟೆನೋವಿನ ಇತಿಹಾಸವಿರುವ ಬಡಕಲು ಮಧುಮೇಹಿಗೆ ಒಂದು ಎಕ್ಸ್‌ರೇ ಅಥವಾ ಸ್ಕ್ಯಾನ್ ಕಡ್ಡಾಯವಾಗಲಿ.

ಹತ್ತು ವರ್ಷಗಳ ನಂತರ ಟೈಪ್ 5 ಎಂಬ ಹೆಸರು ಉಳಿದಿರುತ್ತದೋ ಇಲ್ಲವೋ ಹೇಳಲಾಗದು. ಹೆಸರು ಬದಲಾದರೂ ಆ ರೋಗಿ ಯಾರು, ಎಲ್ಲಿಯವನು, ಏನು ತಿನ್ನುತ್ತಿದ್ದ, ಎಷ್ಟು ವರ್ಷ ಬದುಕಿದ ಎಂಬುದು ಎಲ್ಲಾದರೂ ಬರೆದಿರಬೇಕು. ಗೀವರ್ಗೀಸ್ ಬರೆದಿಟ್ಟರು, ಅದಕ್ಕೇ ಅವರ ತಪ್ಪನ್ನು ಕೂಡ ಮುಂದಿನವರು ತಿದ್ದಲು ಸಾಧ್ಯವಾಯಿತು.