ಮಂಟಪದ ನವೀಕರಣ: ಮೊದಲು ಯಾವುದು?

ತಪಸ್ಸುಕಾಲ ಮುಗಿದು ಪಾಸ್ಖ ಹಬ್ಬ ಕಳೆಯಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ನಮ್ಮ ಕುಟುಂಬಗಳಲ್ಲಿ ಮದುವೆಗಳ ಸಾಲು ಆರಂಭವಾಗುತ್ತದೆ. ತಪಸ್ಸುಕಾಲದಲ್ಲಿ ಮದುವೆಯ ಸಂಭ್ರಮ ಇಟ್ಟುಕೊಳ್ಳದಿರುವುದು ನಮ್ಮ ಹಳೆಯ ಶಿಸ್ತು. ಸುಗ್ಗಿಯ ಹಣ ಕೈಸೇರುವುದೂ ಮಕ್ಕಳಿಗೆ ಶಾಲೆ ಬಿಡುವುದೂ ಆ ವೇಳೆಗೇ. ಹೀಗಾಗಿ ಏಪ್ರಿಲ್, ಮೇ ತಿಂಗಳ ಕಡುಬೇಸಿಗೆಯಲ್ಲಿ, ತಗಡಿನ ಚಾವಣಿಯ ಭವನಗಳಲ್ಲಿ ನೂರಾರು ಜನ ಊಟಕ್ಕೆ ಕೂಡಬೇಕಾಗುತ್ತದೆ. ಈ ಭವನಗಳನ್ನು ನವೀಕರಿಸಬೇಕೆಂಬ ಮಾತು ಈಗ ಹಳ್ಳಿಗಳಲ್ಲೂ ಕೇಳಿಬರುತ್ತಿದೆ. ಮಾತು ಸ್ವಾಗತಾರ್ಹ. ಆದರೆ ಹಣವನ್ನು ಮೊದಲು ಯಾವುದಕ್ಕೆ ವೆಚ್ಚ ಮಾಡಬೇಕೆಂಬಲ್ಲಿ ನಮಗೆ ಭಿನ್ನಾಭಿಪ್ರಾಯವಿದೆ.

ಇತ್ತೀಚೆಗೆ ಇಂಥದೊಂದು ಸಮಿತಿಯ ಸಭೆಯಲ್ಲಿ ನಾವೂ ಕುಳಿತಿದ್ದೆವು. ವೇದಿಕೆಯ ಹಿಂದೆ ಅಲಂಕಾರದ ಗೋಡೆ, ಬಣ್ಣದ ದೀಪಗಳು, ಪಿಓಪಿ ಚಾವಣಿ, ಹೊರಗೊಂದು ಕಮಾನು ಎಂದು ಪಟ್ಟಿ ಬೆಳೆಯುತ್ತಲೇ ಹೋಯಿತು. ನಮಗೆ ನೆನಪಾದದ್ದು ಅದೇ ಭವನದಲ್ಲಿ ಕಳೆದ ಬೇಸಿಗೆ ನಡೆದ ಮದುವೆ. ದೂರದಿಂದ ಬಂದಿದ್ದ ಬೀಗರ ಮನೆಯ ಅಜ್ಜಿಯೊಬ್ಬರು ಬೆಳಗಿನಿಂದ ತೊಟ್ಟು ನೀರು ಮುಟ್ಟಿರಲಿಲ್ಲ. ಏಕೆಂದು ಕೇಳಿದೆವು. ಮೊದಲು ನಕ್ಕರು; ಬಳಿಕ ತಗ್ಗಿದ ದನಿಯಲ್ಲಿ, “ನೀರು ಕುಡದ್ರ ಹೊರಗ ಹೋಗಬೇಕಾಗತೈತ್ರಿ ಫಾದರ್, ಇಲ್ಲಿ ಎಲ್ಲಿಗಿ ಹೋಗೂದು?” ಎಂದರು. ಹೆಣ್ಣುಮಕ್ಕಳಿಗೆಂದು ಅಲ್ಲಿದ್ದುದು ಒಂದೇ ಶೌಚಾಲಯ. ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಸಭೆಯ ಪಟ್ಟಿಯಲ್ಲಿ ಅದು ಕಟ್ಟಕಡೆಗೆ, “ಹಣ ಉಳಿದರೆ” ಎಂಬ ಷರಾದೊಡನೆ ಬಂದಿತು. ಸಭೆಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ವಿವಾಹ ಸಂಸ್ಕಾರ ನಡೆಯುವುದು ದೇವಾಲಯದಲ್ಲಿ. ಭವನಕ್ಕೆ ಉಳಿಯುವುದು ಅತಿಥಿ ಸತ್ಕಾರವೊಂದೇ. ಆ ಅಳತೆಯಿಂದಲೇ ಅದನ್ನು ಅಳೆಯಬೇಕಲ್ಲವೇ? ಸಂತ ಯೊವಾನ್ನರು ಬರೆದ ಶುಭಸಂದೇಶದ ಕಾನಾ ಮದುವೆಯೆಂದರೆ ನಾವೆಲ್ಲ ದ್ರಾಕ್ಷಾರಸವನ್ನೇ ನೆನೆಯುತ್ತೇವೆ. ಆ 6 ಕಲ್ಲಿನ ಬಾನಿಗಳು ಅಲ್ಲಿ ಏಕಿದ್ದವೆಂದು ಯೋಚಿಸುವವರು ವಿರಳ. ಯೆಹೂದ್ಯರ ಶುದ್ಧಾಚಾರಕ್ಕಾಗಿ, ಬಂದವರು ತೊಳೆದುಕೊಳ್ಳಲೆಂದು ಅವನ್ನು ಇರಿಸಲಾಗಿತ್ತು. ಒಂದೊಂದು ಹೆಚ್ಚುಕಡಿಮೆ 80ರಿಂದ 120 ಲೀಟರ್ ಹಿಡಿಯುವಂಥವು. ಯೇಸುಸ್ವಾಮಿ ನೀರು ತುಂಬಿಸಲು ಹೇಳಿದಾಗ ತುಂಬಿಸುವುದಕ್ಕೆ ಪಾತ್ರೆಗಳಾದರೂ ಅಲ್ಲಿದ್ದವು. ನಮ್ಮ ಎಷ್ಟೋ ಭವನಗಳಲ್ಲಿ ಒಂದು ತೊಟ್ಟಿಯೂ ಇಲ್ಲ.

ವೈಭವವನ್ನು ನಾವು ದೂಷಿಸುತ್ತಿಲ್ಲ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ 4ನೆಯ ಭಾಗದಲ್ಲಿ ದೊಡ್ಡ ಕಾರ್ಯಕ್ಕೆ ಒಪ್ಪುವಂತೆ ದೊಡ್ಡ ವೆಚ್ಚ ಮಾಡುವುದನ್ನು ಒಂದು ಸದ್ಗುಣವೆಂದೇ ಎಣಿಸಿದ್ದಾನೆ. ಮದುವೆಯನ್ನೂ ಅಂಥ ಕಾರ್ಯಗಳಲ್ಲಿ ಸೇರಿಸಿದ್ದಾನೆ. ಸಂತ ತೋಮಸ್ ಅಕ್ವಿನಾಸರೂ ಈ ಗುಣವನ್ನು ಎತ್ತಿಹಿಡಿದವರೇ. ಆದರೆ ಗೆಳೆಯರ ಸಾಮಾನ್ಯ ಕೂಟಕ್ಕೆ ಮದುವೆಯ ಊಟದಷ್ಟು ಸುರಿಯುವವನನ್ನು ಅರಿಸ್ಟಾಟಲನು ಅಭಿರುಚಿಯಿಲ್ಲದವನೆಂದು ಹಳಿಯುತ್ತಾನೆ. ಅಂಥವನು ಹೆಚ್ಚು ಬೇಕಾದಲ್ಲಿ ಕಡಿಮೆ, ಕಡಿಮೆ ಸಾಕಾದಲ್ಲಿ ಹೆಚ್ಚು ವೆಚ್ಚಮಾಡುತ್ತಾನಂತೆ. ಕಮಾನು ಕಟ್ಟಿಸಿ ತೊಟ್ಟಿ ಮರೆಯುವವರನ್ನು ಅವನು ಕಂಡಿದ್ದನೋ ಏನೋ!

ಇನ್ನೊಂದು ಸಂಗತಿ ಅಭಿರುಚಿಯದಲ್ಲ, ಪ್ರಾಣದ್ದು. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯ ಮದುವೆ ಭವನವೊಂದರಲ್ಲಿ ಶಾಲಾ ವಾರ್ಷಿಕೋತ್ಸವ ನಡೆದಿದ್ದಾಗ ಶಾಮಿಯಾನಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ಬಹಳಷ್ಟು ಮಂದಿ ಮಕ್ಕಳು. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಕಲ್ಯಾಣ ಮಂಟಪದಲ್ಲಿ ಹಂದರಕ್ಕೆ ಹೊತ್ತಿದ ಬೆಂಕಿಗೆ ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಬಲಿಯಾದರು. ಬಟ್ಟೆ, ಥರ್ಮಾಕೋಲು, ಹಳೆಯ ತಂತಿ, ಒಳಮುಖವಾಗಿ ತೆರೆಯುವ ಒಂದೇ ಬಾಗಿಲು: ಇವೆಲ್ಲ ಒಟ್ಟಿಗೆ ಇರುವ ಭವನಗಳಲ್ಲಿ ನಾವು ನವದಂಪತಿಗಳನ್ನು ಆಶೀರ್ವದಿಸಿದ್ದೇವೆ. ಅಲಂಕಾರಕ್ಕಿಂತ ಮೊದಲು ಹೊರಮುಖವಾಗಿ ತೆರೆಯುವ ಎರಡನೆಯ ಅಗಲ ಬಾಗಿಲು ಆಗಲಿ. ವಿದ್ಯುತ್ ತಂತಿಗಳು ಹೊಸದಾಗಲಿ.

ಉಳಿದವು ಚಿಕ್ಕ ವೆಚ್ಚದವು. ತಗಡಿಗೆ ಬಿಳಿ ಬಣ್ಣ ಬಳಿದು, ಗೋಡೆಯ ತುದಿಯಲ್ಲಿ ಬಿಸಿಗಾಳಿಗೆ ದಾರಿ ಬಿಟ್ಟರೆ ಒಳಗಿನ ಧಗೆ ಸಾಕಷ್ಟು ತಗ್ಗುತ್ತದೆ. ಮೆಟ್ಟಿಲ ಪಕ್ಕ ಇಳಿಜಾರು ಮಾಡುವವರು 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇಡಲಿ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯವರು ಏರಲಾರರು. ನಮ್ಮ ಹಳ್ಳಿಗಳ ಮದುವೆಗೆ ಬರುವವರಲ್ಲಿ ಅನೇಕರು ಮಾಂಸ ಮುಟ್ಟದ ಲಿಂಗಾಯತ ನೆರೆಹೊರೆಯವರು. ಅವರು ಅಕ್ಷತೆ ಹಾಕಿ, ಉಡುಗೊರೆ ಕೊಟ್ಟು, ಏನೋ ನೆಪ ಹೇಳಿ ಉಣ್ಣದೆ ಹೋಗುವುದನ್ನು ನಾವು ಕಂಡು ನಾಚಿದ್ದೇವೆ. ಹುಗ್ಗಿ, ಅನ್ನ, ಸಾರಿಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಪಂಕ್ತಿ ಇದ್ದರೆ ಅವರು ಸಂಕೋಚವಿಲ್ಲದೆ ಕೂಡುತ್ತಾರೆ. ಭವನ ಕಟ್ಟುವಾಗ ಕಲ್ಲು ಹೊತ್ತವರಲ್ಲಿ ಅವರೂ ಇದ್ದರು.

ದಾನಿಗಳ ಮಾತು. ವೇದಿಕೆಗೆ ಹಣ ಕೊಟ್ಟವರ ಹೆಸರು ಅಮೃತಶಿಲೆಯಲ್ಲಿ ಮೂಡುತ್ತದೆ. ಶೌಚಾಲಯದ ಗೋಡೆಯ ಮೇಲೆ ತಮ್ಮ ತಂದೆತಾಯಿಯ ಹೆಸರು ಬರೆಸಲು ಯಾರು ಒಪ್ಪುತ್ತಾರೆ? ಆದ್ದರಿಂದ ಎಲ್ಲ ದಾನಿಗಳ ಹೆಸರನ್ನೂ ಮೊತ್ತ ನಮೂದಿಸದೆ ಒಂದೇ ಫಲಕದಲ್ಲಿ ಬಾಗಿಲ ಬಳಿ ಬರೆಸಿ, ಹಣವನ್ನು ಒಂದೇ ನಿಧಿಗೆ ಹಾಕುವುದು ಲೇಸು. ಖರ್ಚಿನ ಪಟ್ಟಿ ತಯಾರಿಸುವಾಗ ಇಬ್ಬರು ಮೂವರು ತಾಯಂದಿರನ್ನೂ ಅಡುಗೆಯವರನ್ನೂ ಸಮಿತಿಯಲ್ಲಿ ಕೂಡಿಸಿಕೊಳ್ಳಲಿ.

ಕೆಲಸ ಹಿಡಿಯುವವರಿಗೆ ಇನ್ನೊಂದು ಸೂಚನೆ. ನಮ್ಮ ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರೆಯನ್ನು ತೆಗೆಸಿ ಗರಸು ತುಂಬಿ ಧಮ್ಮಸು ಮಾಡದೆ ಹೊಳಪಿನ ಟೈಲ್ಸ್ ಹಾಸಿದರೆ ಎರಡು ಮಳೆಗಾಲದಲ್ಲಿ ಬಿರುಕು ಕಾಣುತ್ತದೆ. ಶೌಚಾಲಯದ ಗುಂಡಿಯನ್ನೂ ನೀರಿನ ತೊಟ್ಟಿಯನ್ನೂ ಮುಂಗಾರಿಗೆ ಮೊದಲೇ, ಒಂದಕ್ಕೊಂದು ದೂರದಲ್ಲಿ ತೋಡಿಸಿರಿ.