ಹಿಂದಿನ ಗೋಡೆಯ ಕಿಂಡಿ

ಹೋದ ಭಾನುವಾರ ನಮ್ಮ ಮನೆಯ ಹಿಂಗೋಡೆಗೆ ಸುಣ್ಣ ಬಳಿಸುತ್ತಿದ್ದೆ. ರಜೆಗೆ ಬಂದಿದ್ದ ಮೊಮ್ಮಗಳು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, "ತಾತ, ಇದೇನು? ನಾಯಿ ಬರೋದಕ್ಕೆ ಬಾಗಿಲಾ?" ಎಂದಳು. ಹಳೇ ಸುಣ್ಣ ಕೆರೆದಾಗ ಒಂದೂವರೆ ಅಡಿಯ ಚೌಕವೊಂದು ಕಾಣಿಸಿತ್ತು. ಎಂದೋ ಇಟ್ಟಿಗೆಯಿಟ್ಟು ಮುಚ್ಚಿದ ಕಿಂಡಿ. ನಾನೇ ಅದನ್ನು ಮರೆತುಬಿಟ್ಟಿದ್ದೆ.

ಮಕ್ಕಳೇ, ಬೆಂಗಳೂರಿನ ನಮ್ಮ ಮಲ್ಲೇಶ್ವರದ ವಿಚಾರ ಹೇಳಿ ಎಂದರೆ ಎಲ್ಲರೂ ಮೊದಲು ಗುಡಿಗೆ ಕರೆದುಕೊಂಡು ಹೋಗುತ್ತಾರೆ. ತಪ್ಪಲ್ಲ. ಕಾಡು ಮಲ್ಲೇಶ್ವರನಿಂದಲೇ ಬಡಾವಣೆಗೆ ಹೆಸರು ಬಂದದ್ದು. 1669ರಲ್ಲಿ ಶಿವಾಜಿಯ ಮಲಸಹೋದರ ಏಕೋಜಿ, ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಊರನ್ನು ಬಿಟ್ಟುಕೊಟ್ಟ ಶಾಸನವಿದೆ. ಅದರ ಎದುರಿಗೇ ಇರುವ ನಂದಿ ತೀರ್ಥ 1997ರಲ್ಲಿ ಮಣ್ಣು ಅಗೆದಾಗ ಸಿಕ್ಕಿತು. ಅಲ್ಲಿಯವರೆಗೆ ಅದು ಬರೀ ಬಯಲು. ಕೆಳಗೆ ಕಲ್ಯಾಣಿಯಿದೆ, ನಂದಿಯ ಬಾಯಿಂದ ನೀರು ಬರುತ್ತದೆ ಎಂದು ತಿಳಿಯದೆ ಎಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದೆನೋ! ಸುದ್ದಿ ಹಬ್ಬಿದ ಮೇಲೆ ನಾನೂ ಓಡಿ ಹೋಗಿ ನೋಡಿ ಬಂದೆ.

ಸಂಪಿಗೆ ರಸ್ತೆಗೆ ಸಮಾನಾಂತರವಾಗಿ ಮಾರ್ಗೋಸಾ ರಸ್ತೆ ಇದೆಯಲ್ಲ, ಮಾರ್ಗೋಸಾ ಎಂದರೆ ಬೇವು. 'ಕಹಿ' ಎಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಇಂಗ್ಲಿಷಿಗೆ ಬಂದ ಹೆಸರು. ಒಂದು ರಸ್ತೆ ಘಮಘಮ, ಇನ್ನೊಂದು ಕಹಿ. ಬೇವಿನ ರಸ್ತೆ ಎಂದು ಕರೆದಿದ್ದರೆ ಯಾರ ಗಂಟು ಹೋಗುತ್ತಿತ್ತೋ ಕಾಣೆ!

ಇರಲಿ, ಕಿಂಡಿಯ ವಿಷಯಕ್ಕೆ ಬರುತ್ತೇನೆ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕು ಕಡಿಮೆ, ಇಲಿ ಹೆಗ್ಗಣ ಹೆಚ್ಚು. ಜನ ಮನೆಗಳಿಗೆ ಬೀಗ ಹಾಕಿ ಊರಾಚೆ ಗುಡಿಸಲು ಸೇರಿದರು. ಮಲ್ಲೇಶ್ವರ, ಬಸವನಗುಡಿಗಳ ಯೋಚನೆ ಅದಕ್ಕೂ ಮೊದಲೇ ಇತ್ತು. ಪ್ಲೇಗಿನ ಮೇಲೆ ಅದಕ್ಕೆ ಜೀವ ಬಂತು. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಜಾಗ, ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಕಿರುಗಲ್ಲಿ. ಕಾಗದ ಪತ್ರದಲ್ಲಿ ಅದರ ಹೆಸರು ಕನ್ಸರ್ವೆನ್ಸಿ ಲೇನ್. ನಾವು ಹುಡುಗರು 'ಕನ್ಸರ್ವೆನ್ಸಿ' ಎಂದಷ್ಟೇ ಕರೆಯುತ್ತಿದ್ದೆವು. ಚೆಂಡು ಅಲ್ಲಿ ಬಿದ್ದರೆ ಆ ದಿನದ ಆಟ ಮುಗಿದಂತೆ.

ಯಾಕೆಂದರೆ ಆಗ ಪಾಯಿಖಾನೆ ಮನೆಯ ಹಿಂದುಗಡೆ ಇರುತ್ತಿತ್ತು. ನೀರು ಹಾಕಿ ತೊಳೆದುಬಿಡುವ ಏರ್ಪಾಡು ಇರಲಿಲ್ಲ. ಅದರ ಹಿಂದೆ, ಗಲ್ಲಿಯ ಕಡೆಗೆ, ಒಂದು ಕಿಂಡಿ. ಬೆಳಗ್ಗೆ ಒಬ್ಬ ಹೆಂಗಸು ಬಂದು ಆ ಕಿಂಡಿಯಿಂದ ಮಲವನ್ನು ಬಾಚಿ, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ಅರವತ್ತು ವರ್ಷದ ಹಿಂದೆ ನಾನೂ ಹಾಗೇ ಮಾಡುತ್ತಿದ್ದೆ, ಆಕೆಗೆ ಕಾಣುವ ಹಾಗೆಯೇ.

ದೀಪಾವಳಿಯ ದಿನ ನಮ್ಮಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಹೋಳಿಗೆಯನ್ನು ಎಲೆಯ ಮೇಲೆ ಮೇಲಿನಿಂದ ಬೀಳಿಸುತ್ತಿದ್ದರು. ನೀರು ಕೇಳಿದರೆ ಬೊಗಸೆಗೆ ಎತ್ತರದಿಂದ ಹುಯ್ಯುತ್ತಿದ್ದರು. ಅಮ್ಮ ಕೆಟ್ಟವರಲ್ಲ, ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಕಳಿಸುತ್ತಿದ್ದವರು. ಆದರೂ ಹಾಗೆ ಮಾಡುತ್ತಿದ್ದರು.

"ಅವರ ಹೆಸರೇನು ತಾತ?" ಎಂದು ಮೊಮ್ಮಗಳು ಕೇಳಿದಳು.

ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಲಿನವನ ಹೆಸರು, ಹೂವಿನಾಕೆಯ ಹೆಸರು, ಪೋಸ್ಟ್‌ಮ್ಯಾನಿನ ಮಕ್ಕಳ ಹೆಸರು ಕೂಡ ನನಗೆ ಇವತ್ತಿಗೂ ನೆನಪಿದೆ.

ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಈ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯಿದೆ ಬರಲು 1993ರವರೆಗೆ ಕಾಯಬೇಕಾಯಿತು. ನಮ್ಮ ಮನೆಗೆ ಒಳಚರಂಡಿ ಬಂದ ವಾರವೇ ಅಪ್ಪ ಕಿಂಡಿ ಮುಚ್ಚಿಸಿದ್ದರು. ಆಕೆ ಮತ್ತೆ ಬರಲಿಲ್ಲ. ಎಲ್ಲಿಗೆ ಹೋದಳು ಎಂದು ನಾವು ಕೇಳಲೂ ಇಲ್ಲ.

ಮುಂದೆ ನಾನು ಬ್ಯಾಂಕಿಗೆ ಸೇರಿದೆ. ಒಂದು ದಿನ ಬೀದಿ ಗುಡಿಸುವ ಹೆಂಗಸೊಬ್ಬಳು ಉಳಿತಾಯ ಖಾತೆ ತೆರೆಯಲು ಬಂದಳು. "ನಿಮ್ಮ ಹೆಸರೇನಮ್ಮಾ?" ಎಂದೆ. ಆಕೆ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳಿದೆನೇನೋ ಎಂದು. ನನ್ನದೇನೂ ದೊಡ್ಡತನವಲ್ಲ ಬಿಡಿ, ಫಾರಮ್ಮಿನಲ್ಲಿ ಹೆಸರಿನ ಕಾಲಮ್ಮು ಇತ್ತು, ಕೇಳಿದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಹಿತ್ತಲ ಕಿಂಡಿ ನೆನಪಾಯಿತು.

ಈಗ ಇದನ್ನೆಲ್ಲ ಬರೆಯಲು ಇನ್ನೂ ಒಂದು ಕಾರಣವಿದೆ. ನಮ್ಮ ಸಾಲಿನವರು ಒಂದು ಕಾಗದ ತಂದಿದ್ದಾರೆ. ಗಲ್ಲಿಯ ಎರಡು ತುದಿಗೂ ಗೇಟು ಹಾಕಿ, ಅವರವರ ಮನೆಯ ಹಿಂದಿನ ಭಾಗವನ್ನು ಅವರವರೇ ಸೇರಿಸಿಕೊಳ್ಳೋಣ ಎಂದು. ಕಾರು ನಿಲ್ಲಿಸಲು ಜಾಗ ಬೇಕಂತೆ. ಹನ್ನೊಂದು ಸಹಿ ಬಿದ್ದಿವೆ, ನನ್ನದೊಂದು ಬಾಕಿ. ಬ್ಯಾಂಕಿನ ಹಳೇ ಅಭ್ಯಾಸ, ಬೀರುವಿನಿಂದ ಮನೆಯ ಕ್ರಯಪತ್ರ ತೆಗೆದು ನೋಡಿದೆ. ಚಕ್ಕುಬಂದಿಯಲ್ಲಿ ಸ್ಪಷ್ಟವಾಗಿದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಲೇನ್. ಅಂದರೆ ನಮ್ಮ ಜಾಗ ಗೋಡೆಗೆ ಮುಗಿಯಿತು. ಆಚೆಯದು ನಮ್ಮದಲ್ಲ. ಪಕ್ಕದ ಮನೆಯವರಿಗೆ ಇದನ್ನೇ ಹೇಳಿದೆ. "ನೀವೊಬ್ಬರು ಸಾರ್, ಇನ್ನೂ ಲೆಡ್ಜರಿನಲ್ಲೇ ಇದ್ದೀರಿ" ಎಂದು ನಕ್ಕು ಹೋದರು. ಎರಡು ದಿನದಿಂದ ಮಾತಿಲ್ಲ. ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ, ಸಹಿಯಿಲ್ಲದೆ.

ಸುಣ್ಣ ಬಳಿಯುವಾತ ಅಷ್ಟರಲ್ಲಿ ಕಿಂಡಿಯ ಹತ್ತಿರ ಬಂದಿದ್ದ. "ಸಾರ್, ಇದರ ಮೇಲೆ ಸ್ವಲ್ಪ ಸಿಮೆಂಟ್ ಮೆತ್ತಿ ಬಳಿದರೆ ಗುರುತೇ ಕಾಣಲ್ಲ" ಎಂದ.

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಹೇಳಿದಳು: "ಬೇಡ ಅಂಕಲ್, ಅದೊಂದು ಚೌಕ ಹಾಗೇ ಇರಲಿ."