ಸೋತವರಿಗೂ ಒಂದು ಸ್ಥಾನವಿರಲಿ

ಎಸ್ಸೆಸ್ಸೆಲ್ಸಿ ಹಾಗೂ ಪಿಯುಸಿ ಫಲಿತಾಂಶ ಪ್ರಕಟವಾದ ಬಳಿಕ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಮುಂದಕ್ಕೆ ಕರೆದು ಗೌರವಿಸುವುದು ನಮ್ಮ ಇಗರ್ಜಿಗಳಲ್ಲಿ ರೂಢಿಯಲ್ಲಿದೆ. ಅದು ಒಳ್ಳೆಯದೇ. ಆದರೆ ಅದೇ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತ, ಇಲ್ಲವೇ ಅಂದು ಪೂಜೆಗೇ ಬಾರದೆ ಉಳಿದ ಮಗುವಿನ ಕುರಿತು ನಾವು ಯೋಚಿಸಿದ್ದುಂಟೆ? ಸೋಲನ್ನು ಹೊರುವುದು ಹೇಗೆಂದು ಆ ಮಗುವಿಗೆ ನಾವು ಎಲ್ಲಿ ಕಲಿಸಿದ್ದೇವೆ?

ಈ ಪ್ರಶ್ನೆಯ ಮುಂದೆ ನಿಂತಾಗ ನಮಗೆ ನೆನಪಾಗುವುದು 1911ರ ಒಂದು ಕಾಲೇಜು ಫುಟ್‌ಬಾಲ್ ತಂಡ. ಆ ವರ್ಷ ಕಲ್ಕತ್ತೆಯ ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯನ್ನು ಗೆದ್ದ ಮೋಹನ್ ಬಾಗಾನ್ ತಂಡದ ಹೆಸರನ್ನು ಕೇಳದವರು ವಿರಳ. ಜುಲೈ 29ರ ಅಂತಿಮ ಪಂದ್ಯದಲ್ಲಿ ಬರಿಗಾಲಿನ ಆಟಗಾರರು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬೂಟುಧಾರಿ ಸೈನಿಕರನ್ನು 2-1ರಿಂದ ಸೋಲಿಸಿದರು. ಆ ಹನ್ನೊಂದು ಮಂದಿಯಲ್ಲಿ ಬೂಟು ಧರಿಸಿದ್ದವರು ಒಬ್ಬರೇ, ಕ್ರೈಸ್ತರಾದ ಸುಧೀರ್ ಚಟರ್ಜಿ. ಅವರು ಮಿಷನ್ ಕಾಲೇಜೊಂದರ ಅಧ್ಯಾಪಕರು. ಮೊದಲ ಪಂದ್ಯಕ್ಕೆ ಅವರಿಗೆ ರಜೆ ಸಿಗದೆ ತಂಡವು ಹತ್ತೇ ಜನರೊಂದಿಗೆ ಆಡಬೇಕಾಯಿತೆಂದು ಆ ಗೆಲುವಿನ ಕಥೆ ಹೇಳುವವರು ಸ್ಮರಿಸುತ್ತಾರೆ.

ಆ ಮೊದಲ ಪಂದ್ಯದ ಎದುರಾಳಿ ಯಾರು? ಜೆಸ್ವಿತ್ ಗುರುಗಳು ನಡೆಸುತ್ತಿದ್ದ ಸಂತ ಕ್ಷೇವಿಯರ್ ಕಾಲೇಜಿನ ತಂಡ. ಜುಲೈ 10ರಂದು ಅದು 3-0ರಿಂದ ಸೋತಿತು. ಶೀಲ್ಡಿನ ಮಟ್ಟಿಗೆ ಅದರ ಆಟ ಅಲ್ಲಿಗೇ ಮುಗಿಯಿತು. ಗೆದ್ದವರ ಹೆಸರನ್ನು ನಾಡು ಇಂದಿಗೂ ಹೇಳುತ್ತದೆ; ಸೋತ ಹುಡುಗರ ಹೆಸರು ನಮ್ಮಲ್ಲಿ ಯಾರಿಗೂ ತಿಳಿಯದು. ಆದರೂ ಸೈನಿಕ ತಂಡಗಳೇ ಮೆರೆಯುತ್ತಿದ್ದ ಪಂದ್ಯಾವಳಿಗೆ ಆ ಗುರುಗಳು ತಮ್ಮ ಕಾಲೇಜಿನ ತಂಡವನ್ನು ಇಳಿಸಿದರು. ಗೆಲುವು ಖಚಿತವಿದ್ದಲ್ಲಿ ಮಾತ್ರ ಮಕ್ಕಳನ್ನು ಕಳುಹಿಸಬೇಕೆಂದು ಅವರು ಭಾವಿಸಲಿಲ್ಲ.

ನಮ್ಮ ಕರಾವಳಿಗೂ ಅದೇ ಸಭೆಯ ಗುರುಗಳು 1878ರ ಕೊನೆಯಲ್ಲಿ ಬಂದು, 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಕಾಲೇಜು ಇರಲಿಲ್ಲ. ಓದು ಮುಂದುವರಿಸಬೇಕೆಂದರೆ ಸೀತಾ, ಸ್ವರ್ಣಾ, ಶಾಂಭವಿ, ಫಲ್ಗುಣಿ ನದಿಗಳ ಕಡವು ದಾಟಿ ಮಂಗಳೂರಿಗೆ ಹೋಗಬೇಕಿತ್ತು. ಆ ಕಾಲೇಜು ಹೊತ್ತಿರುವ ಹೆಸರಿನ ಸಂತನ ಬಗ್ಗೆ ಪರಂಪರೆಯಲ್ಲೊಂದು ಕಥೆಯಿದೆ. ಆಟವಾಡುತ್ತಿದ್ದ ಬಾಲಕ ಅಲೋಶಿಯಸನನ್ನು, ಈಗಲೇ ಲೋಕಾಂತ್ಯವಾದರೆ ಏನು ಮಾಡುವೆ ಎಂದು ಯಾರೋ ಕೇಳಿದರಂತೆ. ಆಟ ಮುಂದುವರಿಸುವೆ ಎಂದನಂತೆ ಆತ. ಆಟದ ಹೊತ್ತಿನಲ್ಲಿ ಆಟವೇ ದೇವರು ಒಪ್ಪಿಸಿದ ಕರ್ತವ್ಯವೆಂಬ ನಿಶ್ಚಿಂತೆ ಅದು. ಸಂತ ಪೌಲರೂ ಕೊರಿಂಥದವರಿಗೆ ಬರೆದ ಪತ್ರದಲ್ಲಿ ವಿಶ್ವಾಸದ ಬದುಕನ್ನು ವಿವರಿಸಲು ಓಟದ ಪಂದ್ಯದ ದೃಷ್ಟಾಂತವನ್ನೇ ಆರಿಸಿಕೊಂಡರು.

ಇಂದು ನಮ್ಮ ಊರುಗಳಲ್ಲಿ ಶಾಲೆ ಕಾಲೇಜುಗಳಿಗೆ ಕೊರತೆಯಿಲ್ಲ, ಹೊಳೆ ದಾಟುವ ಕಷ್ಟವೂ ಇಲ್ಲ. ಆದರೆ ಮಗು ಒಂಬತ್ತನೆಯ ತರಗತಿಗೆ ಬಂದೊಡನೆ ಚೆಂಡು ಅಟ್ಟವೇರುತ್ತದೆ. ಸಂಜೆ ಟ್ಯೂಷನ್, ರಜೆಯಲ್ಲಿ ಮುಂದಿನ ವರ್ಷದ ಪಾಠ. ಇಗರ್ಜಿಯ ಅಂಗಳ ವಾಹನಗಳ ತಂಗುದಾಣವಾಗಿದೆ. ಊರಿನಲ್ಲಿ ನಡೆಯುವ ಪಂದ್ಯಾಟಗಳೂ ನಗದು ಬಹುಮಾನಕ್ಕಾಗಿ ಪಳಗಿದವರ ಆಟವಾಗಿ, ಸಾಧಾರಣ ಮಗು ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುವುದಷ್ಟೇ ಉಳಿದಿದೆ.

ಮೈದಾನದಲ್ಲಿ ಸೋತವನು ಎದುರಾಳಿಯ ಕೈಕುಲುಕಿ ಮನೆಗೆ ಬರುತ್ತಾನೆ. ಉಂಡು ಮಲಗಿ ಮರುದಿನ ಮತ್ತೆ ಆಡಲು ಹೋಗುತ್ತಾನೆ. ಸೋಲು ಸಾವಲ್ಲ ಎಂಬುದನ್ನು ಅವನ ಮೈಯೇ ಕಲಿತಿರುತ್ತದೆ. ಎಂದೂ ಆಡದೆ, ಎಂದೂ ಸೋಲದೆ ಬೆಳೆದ ಮಗುವಿಗೆ ಮೊದಲ ಸೋಲು ಅಂಕಪಟ್ಟಿಯ ರೂಪದಲ್ಲಿ ಬಂದೆರಗಿದರೆ ಅದನ್ನು ತಡೆದುಕೊಳ್ಳುವ ಬಲ ಎಲ್ಲಿಂದ ಬರಬೇಕು? ಫಲಿತಾಂಶದ ದಿನಗಳಲ್ಲಿ ಪ್ರತಿವರ್ಷವೂ ನಾಡಿನ ಯಾವುದೋ ಮೂಲೆಯಿಂದ ಕೇಳಬಾರದ ಸುದ್ದಿ ಕೇಳಿಬರುತ್ತದೆ. ಅದು ನಮ್ಮ ಮನೆಯ ಸುದ್ದಿಯಲ್ಲವೆಂದು ಸುಮ್ಮನಿರಲು ನಮಗೆ ಮನಸ್ಸಾಗದು.

ಆಟವಾಡಿದವರೆಲ್ಲ ಎದೆಗುಂದದೆ ಇರುತ್ತಾರೆಂದು ನಾವು ಹೇಳುವುದಿಲ್ಲ. ಓದನ್ನು ಕಡೆಗಣಿಸಿರೆಂದೂ ಅಲ್ಲ. ಬಡ ರೈತರ, ಮೀನುಗಾರರ ಮಕ್ಕಳನ್ನು ಮೇಲೆತ್ತಿದ್ದು ವಿದ್ಯೆಯೇ. ನಮ್ಮ ವಿನಂತಿ ಚಿಕ್ಕದು. ಭಾನುವಾರ ಧರ್ಮೋಪದೇಶ ತರಗತಿಯ ಬಳಿಕ ಒಂದು ಗಂಟೆ ಇಗರ್ಜಿಯ ಅಂಗಳ ಮಕ್ಕಳದಾಗಲಿ. ಅಲ್ಲಿ ಬಹುಮಾನ ಬೇಡ, ಹೆಣ್ಣು ಗಂಡೆಂಬ ಭೇದ ಬೇಡ, ಒಂದು ಚೆಂಡು ಸಾಕು. ಸೋತು ಬಂದ ಮಗುವನ್ನು ಎಷ್ಟು ಗೋಲು ಎಂದು ಕೇಳುವ ಮೊದಲು ಹೆತ್ತವರು ಊಟಕ್ಕೆ ಕರೆಯಲಿ. ಮುಂದಿನ ಫಲಿತಾಂಶದ ಭಾನುವಾರ ನಮ್ಮ ಗುರುಗಳು ಪರೀಕ್ಷೆ ಬರೆದ ಮಕ್ಕಳೆಲ್ಲರನ್ನೂ ಪೀಠದ ಮುಂದೆ ಕರೆದು ಆಶೀರ್ವದಿಸಲಿ. ಅಂದು ಹಿಂದಿನ ಬೆಂಚು ಖಾಲಿಯಾಗಿದ್ದರೆ ಅದೇ ನಮ್ಮ ಧರ್ಮಕೇಂದ್ರದ ನಿಜವಾದ ಫಲಿತಾಂಶ.